ಲೆಗೊ ಟಗರು ಕಾಳಗ: ಮನೆಯಲ್ಲೇ ರಿಮೋಟ್ ರೋಬಾಟ್ ಕಟ್ಟಿ ಜಗಳಕ್ಕೆ ಬಿಡುವುದು ಹೇಗೆ

ನಮ್ಮ ಮನೆಯ ಮೊದಲ ರೋಬಾಟ್ ಕಾಳಗ ಒಂದು ನಿಮಿಷವೂ ನಡೆಯಲಿಲ್ಲ. ಅಣ್ಣನ ಮಗ ಕಟ್ಟಿದ್ದು ಮುಂದೆ ಇಳಿಜಾರು ಹಲಗೆ ಇದ್ದ ಒಂದು ಸಾದಾ ಪೆಟ್ಟಿಗೆ. ನಾನು ಕಟ್ಟಿದ್ದಕ್ಕೆ ಎರಡು ಸುತ್ತಿಗೆ, ಒಂದು ಗರಗಸ, ಹಿಂದೊಂದು ಬಾಲ. ನೋಡೋಕೆ ರಾಕ್ಷಸ. ಸ್ವಿಚ್ ಒತ್ತಿದ ಕೂಡಲೇ ರಾಕ್ಷಸನ ಸುತ್ತಿಗೆ ಗಿರ್ರನೆ ತಿರುಗಿ ತನ್ನದೇ ಎಡಗಡೆ ಚಕ್ರಕ್ಕೆ ಬಡಿಯಿತು, ಚಕ್ರ ಕಿತ್ತು ಸೋಫಾ ಕೆಳಗೆ ಹೋಯಿತು, ಉಳಿದದ್ದನ್ನು ಹುಡುಗನ ಪೆಟ್ಟಿಗೆ ನಿಧಾನಕ್ಕೆ ತಳ್ಳಿಕೊಂಡು ಹೋಗಿ ಗೆರೆ ದಾಟಿಸಿತು. ಅವನಿಗೆ ಆಗ ಒಂಬತ್ತು ವರ್ಷ. ನನಗೆ ಎಷ್ಟು ಅಂತ ಕೇಳಬೇಡಿ.

ಆಮೇಲೆ ಸುಮಾರು ಕಟ್ಟಿದ್ದೇವೆ, ಸುಮಾರು ಮುರಿದಿದ್ದೇವೆ. ಗೆಲ್ಲೋದು ಆಯುಧದಿಂದ ಅಲ್ಲ. ಕಾಲು ನೆಲಕ್ಕೆ ಊರಿರಬೇಕು, ಏಟು ಬಿದ್ದಾಗ ಮೈ ಬಿಚ್ಚಿಕೊಳ್ಳಬಾರದು, ಅಷ್ಟೇ. ಗರಡಿಮನೆಯಲ್ಲಿ ಹೊಸ ಹುಡುಗರಿಗೆ ಪಟ್ಟು ಕಲಿಸುವ ಮೊದಲು ತಿಂಗಳುಗಟ್ಟಲೆ ಬಸ್ಕಿ ಹೊಡೆಸೋದೂ ಇದಕ್ಕೇ ಅಲ್ವಾ. ಹಾಗಾಗಿ ಇಲ್ಲಿ ಆಯುಧ ಕೊನೆಗೆ ಬರುತ್ತದೆ. ಬೇಗ ಸುತ್ತಿಗೆ ಹಾಕಬೇಕು ಅಂತ ಕೈ ತುರಿಸಿದರೆ ತಡೆದುಕೊಳ್ಳಿ.

ಏನೇನು ಬೇಕು

ನಾನು ಹೇಳುತ್ತಿರುವುದು ಲೆಗೊ ಟೆಕ್ನಿಕ್ ಬಗ್ಗೆ. ಮೇಲೆ ಗುಬುಟು ಇರುವ ಮಾಮೂಲಿ ಇಟ್ಟಿಗೆಗಳಲ್ಲ, ಉದ್ದಕ್ಕೂ ತೂತಿರುವ ಬೀಮ್, ಆ ತೂತುಗಳನ್ನು ಸೇರಿಸುವ ಪಿನ್, ಚಕ್ರ ಗಿಯರ್ ಸಿಕ್ಕಿಸುವ ಸರಳು ಅಂದರೆ ಆಕ್ಸಲ್, ಮತ್ತೆ ಗಿಯರ್‌ಗಳು ಇರುವ ಸೆಟ್. ಒಂದು ತೂತಿನ ನಡುವಿನಿಂದ ಪಕ್ಕದ ತೂತಿನ ನಡುವಿಗೆ ಸರಿಯಾಗಿ 8 ಮಿ.ಮೀ. ಈ ಒಂದು ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲ ಲೆಕ್ಕವೂ ಇದರ ಮೇಲೇ ನಿಲ್ಲುತ್ತದೆ.

ಮೋಟರ್ ವಿಷಯಕ್ಕೆ ಬಂದರೆ ಎರಡು ಪೀಳಿಗೆ ಇವೆ. 2007ರಲ್ಲಿ ಬಂದ ಪವರ್ ಫಂಕ್ಷನ್ಸ್, ಇದು ಟಿವಿ ರಿಮೋಟ್ ತರಹ ಇನ್‌ಫ್ರಾರೆಡ್ ಬೆಳಕಿನಲ್ಲಿ ಕೆಲಸ ಮಾಡುತ್ತದೆ. 2018ರ ಹೊತ್ತಿಗೆ ಅದರ ಜಾಗಕ್ಕೆ ಪವರ್ಡ್ ಅಪ್ ಬಂತು, ಇದು ಬ್ಲೂಟೂತ್. ಹಳೆಯದರ ತಯಾರಿಕೆ ನಿಂತಿದೆ, ಆದರೂ ಸೆಕೆಂಡ್ ಹ್ಯಾಂಡ್‌ನಲ್ಲಿ, ಲೆಗೊ ಬಿಡಿಭಾಗ ಮಾರುವ ಬ್ರಿಕ್‌ಲಿಂಕ್‌ನಂಥ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅದಕ್ಕೆ ಹೊಂದುವ ಬೇರೆ ಕಂಪನಿಗಳ ಮೋಟರ್‌ಗಳೂ ಬೇಕಾದಷ್ಟಿವೆ. ಜಗಳಕ್ಕೆ ನನ್ನ ಓಟು ಹಳೆಯದಕ್ಕೇ. ಅದರ ರಿಮೋಟಿನಲ್ಲಿ ಎರಡು ಕಡ್ಡಿ, ಎಡಗೈ ಎಡಚಕ್ರಕ್ಕೆ, ಬಲಗೈ ಬಲಚಕ್ರಕ್ಕೆ. ಫೋನಿನ ಗಾಜಿನ ಮೇಲೆ ಬೆರಳು ಜಾರಿಸುತ್ತಾ ಜಗಳ ಆಡೋಕೆ ಆಗಲ್ಲ, ನೋಟ ಅಖಾಡದ ಮೇಲಿರಬೇಕು. ನಿಮ್ಮ ಹತ್ತಿರ ಹೊಸದೇ ಇದ್ದರೆ ಅದರಲ್ಲೇ ಮಾಡಿ, ಕಟ್ಟುವ ಕ್ರಮ ಏನೂ ಬದಲಾಗಲ್ಲ.

ಒಂದು ರೋಬಾಟಿಗೆ ಇಷ್ಟು ಸಾಕು: ಆರು ಎಎ ಸೆಲ್ ಹಿಡಿಯುವ ಬ್ಯಾಟರಿ ಪೆಟ್ಟಿಗೆ, ರಿಮೋಟಿನ ಮಾತು ಕೇಳಿ ಮೋಟರ್ ಓಡಿಸುವ ಒಂದು ರಿಸೀವರ್, ಒಂದು ರಿಮೋಟ್ (ಇದಕ್ಕೆ ಮೂರು ಎಎಎ ಸೆಲ್), ಎರಡು ಎಕ್ಸ್‌ಎಲ್ ಅಂದರೆ ದೊಡ್ಡ ಮೋಟರ್, 56 ಮಿ.ಮೀ. ರಬ್ಬರ್ ಟೈರಿನ ನಾಲ್ಕು ಚಕ್ರ, 24 ಹಲ್ಲಿನ ಗಿಯರ್ ನಾಲ್ಕು, 40 ಹಲ್ಲಿನದು ಎರಡು, ಉದ್ದುದ್ದ ಬೀಮ್‌ಗಳು, ಮತ್ತೆ ಪಿನ್. ಪಿನ್ ಎಷ್ಟಿದ್ದರೂ ಸಾಲದು.

ಸೆಲ್ ಮಾತ್ರ ರೀಚಾರ್ಜ್ ಆಗುವ ನಿಕಲ್ ಸೆಲ್ಲೇ ತಗೊಳ್ಳಿ. ಸಾದಾ ಸೆಲ್ 1.5 ವೋಲ್ಟ್, ಆರಕ್ಕೆ 9 ವೋಲ್ಟ್. ನಿಕಲ್ ಸೆಲ್ 1.2 ವೋಲ್ಟ್, ಆರಕ್ಕೆ 7.2. ಲೆಕ್ಕದಲ್ಲಿ ಕಡಿಮೆ, ನಿಜ. ಆದರೆ ಮೋಟರ್ ಜೋರಾಗಿ ಎಳೆದಾಗ ಸಾದಾ ಸೆಲ್ ಬೇಗ ಕುಸಿಯುತ್ತದೆ, ನಿಕಲ್ ಸೆಲ್ ತಾಳುತ್ತದೆ. ಒಂದು ಭಾನುವಾರ ಪೂರ್ತಿ ಆಡಿದರೆ ಖರ್ಚಿನ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಅಗ್ಗದ ಮೋಟರ್ ತಗೊಳ್ಳುವವರಿಗೆ ಒಂದು ಮಾತು. ನಾನು ಒಮ್ಮೆ ಆನ್‌ಲೈನಿನಲ್ಲಿ ಯಾವುದೋ ಜೋಡಿ ಮೋಟರ್ ತರಿಸಿದೆ. ಮೇಲೆ ಒಂದೇ ಚೀಟಿ, ಒಳಗೆ ಬೇರೆ ಬೇರೆ ಜಾತಕ. ಒಂದು ಓಡುವಷ್ಟು ಇನ್ನೊಂದು ಓಡದೆ ರೋಬಾಟ್ ಸದಾ ಎಡಕ್ಕೆ ಎಳೆಯುತ್ತಿತ್ತು. ಇದು ಗೊತ್ತಾಗಿದ್ದು ಪೂರ್ತಿ ಕಟ್ಟಿದ ಮೇಲೆ. ಹಾಗಾಗಿ ಕಟ್ಟುವ ಮೊದಲೇ ಎರಡೂ ಮೋಟರಿಗೆ ಒಂದೊಂದು ಉದ್ದ ಬೀಮ್ ಸಿಕ್ಕಿಸಿ, ಒಟ್ಟಿಗೆ ತಿರುಗಿಸಿ, ಗಡಿಯಾರದ ಮುಳ್ಳು ನೋಡಿದ ಹಾಗೆ ನೋಡಿ.

ಮೊದಲು ಅಖಾಡ, ಆಮೇಲೆ ಪೈಲ್ವಾನ

ಜಾಗ ಎಂಥದ್ದು ಅಂತ ಗೊತ್ತಿಲ್ಲದೆ ಕಟ್ಟಬೇಡಿ. ನಾವು ಮೊದಲು ಅಪ್ಪನ ಕೇರಂ ಬೋರ್ಡ್ ಬಳಸಿದೆವು. ಅಳತೆ ಚೆನ್ನಾಗಿತ್ತು, ಸುತ್ತ ಕಟ್ಟೆಯೂ ಇತ್ತು. ಆದರೆ ವರ್ಷಗಟ್ಟಲೆ ಉಜ್ಜಿದ ಬೋರಿಕ್ ಪೌಡರ್ ಮರದೊಳಗೆ ಇಳಿದಿತ್ತು ಅಂತ ಕಾಣುತ್ತೆ, ಎರಡೂ ರೋಬಾಟ್ ಮಂಜುಗಡ್ಡೆ ಮೇಲೆ ನಿಂತ ಎಮ್ಮೆಗಳ ಹಾಗೆ ಕಾಲು ಬಡಿಯುತ್ತಾ ನಿಂತವು. ಅಪ್ಪ ಬೈದದ್ದು ಬೇರೆ.

ಈಗ ಮೂರಡಿಗೆ ಮೂರಡಿ ಪ್ಲೈವುಡ್ ಹಲಗೆ, ಅಂಚಿಗೆ ಬಿಳಿ ಟೇಪ್. ಸುಮೋ ರೋಬಾಟ್ ಸ್ಪರ್ಧೆಗಳಲ್ಲಿ ಚಿಕ್ಕ ವರ್ಗಕ್ಕೆ 77 ಸೆಂ.ಮೀ. ಅಗಲದ ದುಂಡು ಅಖಾಡ ಇರುತ್ತದೆ, ಆದರೆ ಅಲ್ಲಿನ ರೋಬಾಟ್ 10 ಸೆಂ.ಮೀ. ಚೌಕ. ನಮ್ಮವು ಅದರ ಎರಡರಷ್ಟು ದೊಡ್ಡವು, ಸ್ವಲ್ಪ ಜಾಸ್ತಿ ಜಾಗ ಬೇಕು. ಪ್ಲೈವುಡ್ ಇಲ್ಲದಿದ್ದರೆ ಟೈಲ್ಸ್ ಮೇಲೇ ಟೇಪ್ ಹಾಕಿ, ಆದರೆ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಚಾಪೆ ಬೇಡ, ರೋಬಾಟಿನ ಮುಂದಿನ ಇಳಿಜಾರು ಮೂತಿ ಸಿಕ್ಕಿಕೊಳ್ಳುತ್ತದೆ.

ನಿಯಮ ಕಟ್ಟುವ ಮೊದಲೇ ಬರೆದಿಡಿ, ಇಲ್ಲದಿದ್ದರೆ ರೋಬಾಟ್‌ಗಳಿಗಿಂತ ಮೊದಲು ಮಕ್ಕಳು ಹೊಡೆದಾಡುತ್ತಾರೆ. ನಮ್ಮದು ಹೀಗೆ: ತೂಕ ಅಡುಗೆಮನೆ ತಕ್ಕಡಿಯಲ್ಲಿ 1 ಕೆ.ಜಿ. ದಾಟಬಾರದು, ಉದ್ದ ಅಗಲ 25 ಸೆಂ.ಮೀ. ಒಳಗೆ. ಅಂಟು, ಸೆಲ್ಲೋಟೇಪ್, ದಾರ, ಕಬ್ಬಿಣ ಏನೂ ಇಲ್ಲ. ಎರಡು ನಿಮಿಷದ ಪಂದ್ಯ. ಗೆರೆ ದಾಟಿದರೆ ಸೋಲು, ಚಿತ್ ಆಗಿ ಬಿದ್ದು ಹತ್ತು ಎಣಿಸುವುದರೊಳಗೆ ಏಳದಿದ್ದರೂ ಸೋಲು. ಎರಡು ನಿಮಿಷ ಮುಗಿದರೆ ನೆಲದ ಮೇಲೆ ಯಾರ ತುಂಡು ಜಾಸ್ತಿ ಬಿದ್ದಿವೆಯೋ ಅವರು ಸೋತ ಹಾಗೆ.

ಈ ಕೊನೆಯ ನಿಯಮ ಚಿಕ್ಕದು ಅಂತ ಕಂಡರೂ ಆಟದ ಸ್ವಭಾವವನ್ನೇ ಬದಲಾಯಿಸುತ್ತದೆ. ಚೆನ್ನಾಗಿ ಬಿಗಿಯದವನಿಗೆ ಎದುರಾಳಿಯೇ ಬೇಕಿಲ್ಲ.

ಎಷ್ಟು ಶಕ್ತಿ ಬೇಕು? ಒಂದು ಲೆಕ್ಕ

ಹೊಸಬರೆಲ್ಲ ಮಾಡುವ ತಪ್ಪು: ಶಕ್ತಿ ಹೆಚ್ಚಲಿ ಅಂತ ಗಿಯರ್ ಮೇಲೆ ಗಿಯರ್ ಹಾಕಿ ರೋಬಾಟನ್ನು ಬಸವನಹುಳ ಮಾಡುವುದು. ಲೆಕ್ಕ ಹಾಕಿದರೆ ಅದು ಬೇಕಾಗಿಯೇ ಇಲ್ಲ. ಎಕ್ಸ್‌ಎಲ್ ಮೋಟರ್ 9 ವೋಲ್ಟಿನಲ್ಲಿ ಹೆಚ್ಚೆಂದರೆ ಸುಮಾರು 40 ನ್ಯೂಟನ್-ಸೆಂ.ಮೀ. ತಿರುಚುವ ಬಲ ಕೊಡುತ್ತದೆ. 56 ಮಿ.ಮೀ. ಚಕ್ರದ ಅರ್ಧ 2.8 ಸೆಂ.ಮೀ. 40ನ್ನು 2.8ರಿಂದ ಭಾಗಿಸಿ, 14 ನ್ಯೂಟನ್ ಚಿಲ್ಲರೆ ಬರುತ್ತದೆ. ಎರಡು ಮೋಟರಿಗೆ 28. ಅಂದರೆ ಹತ್ತಿರ ಹತ್ತಿರ 3 ಕೆ.ಜಿ. ತೂಕದಷ್ಟು ತಳ್ಳುವ ಬಲ.

ಆದರೆ ರಬ್ಬರ್ ಟೈರ್ ಒಳ್ಳೆಯ ನೆಲದಲ್ಲಿ ಹೆಚ್ಚುಕಡಿಮೆ ತನ್ನ ಮೇಲೆ ಕೂತಿರುವ ತೂಕದಷ್ಟೇ ತಳ್ಳಬಲ್ಲದು. ಅದಕ್ಕಿಂತ ಜಾಸ್ತಿ ತಿರುಗಿಸಿದರೆ ಜಾರುತ್ತದೆ. ನಿಮ್ಮ ರೋಬಾಟ್ 1 ಕೆ.ಜಿ., ಮೋಟರ್ ಕೊಡುತ್ತಿರುವುದು 3 ಕೆ.ಜಿ. ಬಲ. ಸೆಲ್ ಸ್ವಲ್ಪ ಇಳಿದಿದ್ದರೂ ಮಿಕ್ಕುತ್ತದೆ. ಹಾಗಾಗಿ ಕೊರತೆ ಇರುವುದು ಮೋಟರಿನಲ್ಲಲ್ಲ, ಹಿಡಿತದಲ್ಲಿ. ಗಿಯರ್ ಇಳಿಸಬೇಡಿ, ಮೋಟರನ್ನು ನೇರ ಚಕ್ರದ ಆಕ್ಸಲಿಗೇ ಕೊಡಿ. ಏನೂ ಹೊರೆ ಇಲ್ಲದಾಗ ಈ ಮೋಟರ್ ನಿಮಿಷಕ್ಕೆ 220 ಸುತ್ತು ತಿರುಗುತ್ತದೆ, ಈ ಚಕ್ರದ ಜೊತೆ ಸೆಕೆಂಡಿಗೆ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ. ಮೂರಡಿ ಅಖಾಡಕ್ಕೆ ಇದು ಧಾರಾಳ.

ತೂಕ 1 ಕೆ.ಜಿ.ಗೆ ಎಷ್ಟು ಹತ್ತಿರ ಹೋದರೆ ಅಷ್ಟು ಒಳ್ಳೆಯದು. ಕಡಿಮೆ ಬಿದ್ದರೆ ತುಂಬಿಸಿ. ನಮ್ಮಲ್ಲಿ ನಾಣ್ಯಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದೇವೆ. 10 ರೂಪಾಯಿ ನಾಣ್ಯ ಒಂದಕ್ಕೆ ಸುಮಾರು 8 ಗ್ರಾಂ, ಹದಿಮೂರು ಹಾಕಿದರೆ 100 ಗ್ರಾಂ. ಇಟ್ಟಿಗೆಗಳಿಂದ ಪುಟ್ಟ ಡಬ್ಬಿ ಕಟ್ಟಿ, ನಾಣ್ಯ ತುಂಬಿ, ಹೊಟ್ಟೆಯ ಕೆಳಭಾಗದಲ್ಲಿ ಇಡಿ.

ಮೈ ಕಟ್ಟುವುದು

ಎರಡು 15 ತೂತಿನ ಬೀಮ್ ಉದ್ದಕ್ಕೆ ಇಡಿ, ನಡುವೆ ಮೋಟರ್‌ಗಳು ಕೂರಬೇಕು. ಎಕ್ಸ್‌ಎಲ್ ಮೋಟರ್ 5 ತೂತು ಅಗಲ, 5 ಎತ್ತರ, 6 ಉದ್ದ. ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದರೆ ರೋಬಾಟ್ ಪಲ್ಲಕ್ಕಿಯಷ್ಟು ಅಗಲ ಆಗುತ್ತದೆ. ಅದರ ಬದಲು ಹಿಂದೆ ಮುಂದೆ ಇಡಿ. ಎಡ ಮೋಟರ್ ಮುಂದಿನ ಎಡಚಕ್ರಕ್ಕೆ, ಬಲ ಮೋಟರ್ ಹಿಂದಿನ ಬಲಚಕ್ರಕ್ಕೆ. ನಡುವೆ ಮೂರು ತೂತಿನ ಜಾಗ ಉಳಿಯುತ್ತದೆ, ನಾಣ್ಯದ ಡಬ್ಬಿ ಅಲ್ಲಿಗೇ.

ಈಗ ಒಂದೇ ಕಡೆಯ ಎರಡು ಚಕ್ರಗಳನ್ನು ಸೇರಿಸಬೇಕು. ಎರಡೂ ಚಕ್ರದ ಆಕ್ಸಲಿಗೆ ಒಂದೊಂದು 24 ಹಲ್ಲಿನ ಗಿಯರ್, ನಡುವೆ 40 ಹಲ್ಲಿನದು. 24ಕ್ಕೂ 40ಕ್ಕೂ ನಡುವಿನ ದೂರ ಸರಿಯಾಗಿ 32 ಮಿ.ಮೀ., ಅಂದರೆ ನಾಲ್ಕು ತೂತು. ಹಾಗಾಗಿ ಚಕ್ರಗಳ ನಡುವೆ ಎಂಟು ತೂತು, 64 ಮಿ.ಮೀ. ಟೈರ್ 56 ಇರುವುದರಿಂದ ಎರಡರ ಮಧ್ಯೆ 8 ಮಿ.ಮೀ. ಗಾಳಿ. ನಡುವಿನ ಗಿಯರ್ ಎಷ್ಟು ಹಲ್ಲಿನದಾದರೂ ವೇಗ ಬದಲಾಗಲ್ಲ, ಅದು ಸುಮ್ನೆ ದಲ್ಲಾಳಿ. ಆದರೆ ಅದು ಇಲ್ಲದಿದ್ದರೆ ಒಂದು ಚಕ್ರ ಮುಂದಕ್ಕೆ, ಒಂದು ಹಿಂದಕ್ಕೆ ತಿರುಗುತ್ತದೆ.

ನಾಲ್ಕು ಚಕ್ರಕ್ಕೂ ಶಕ್ತಿ ಹೋಗಬೇಕು ಅಂತ ಯಾಕೆ ಹಟ ಅಂದರೆ, ಸುಮ್ನೆ ಉರುಳುವ ಚಕ್ರದ ಮೇಲೆ ಕೂತ ತೂಕ ತಳ್ಳೋಕೆ ಬರಲ್ಲ. ಅದು ದಂಡ.

56 ಮಿ.ಮೀ. ಚಕ್ರವೇ ಯಾಕೆ ಅಂತ ಕೇಳಬಹುದು. ನಾನು ಮೊದಲು 43 ಮಿ.ಮೀ. ಹಾಕಿದ್ದೆ, ತಗ್ಗಾಗಿರುತ್ತದೆ ಅಂತ. ಮೋಟರಿನ ಹೊಟ್ಟೆ ಅದರ ನಡುವಿನಿಂದ 20 ಮಿ.ಮೀ. ಕೆಳಗಿರುತ್ತದೆ, ಚಕ್ರದ ಅರ್ಧ 21.6. ಉಳಿದದ್ದು ಒಂದೂವರೆ ಮಿ.ಮೀ. ಚಿಲ್ಲರೆ. ನೆಲದ ಮೇಲೆ ಎದುರಾಳಿಯ ಒಂದೇ ಒಂದು ಚಪ್ಪಟೆ ತುಂಡು ಬಿದ್ದಿತ್ತು, ಅದರ ಮೇಲೆ ಹತ್ತಿ ಕೂತು ನಾಲ್ಕೂ ಚಕ್ರ ಗಾಳಿಯಲ್ಲಿ ತಿರುಗುತ್ತಾ ಸೋತೆ.

ಟ್ಯಾಂಕ್ ತರಹದ ಪಟ್ಟಿ ಹಾಕಿದರೆ ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಅದು ಗಟ್ಟಿ ಪ್ಲಾಸ್ಟಿಕ್, ನಯವಾದ ನೆಲದಲ್ಲಿ ಸ್ಕೇಟಿಂಗ್. ಪ್ರತಿ ಕೊಂಡಿಗೂ ರಬ್ಬರ್ ತುಂಡು ಸಿಕ್ಕಿಸುವುದಾದರೆ ಮಾತ್ರ ಹಾಕಿ.

ಬಿಗಿಯುವುದು. ಇಲ್ಲಿ ಆತುರ ಬೇಡ. ಪಿನ್ ಎರಡು ಥರ: ಕಪ್ಪು ಪಿನ್ ಬಿಗಿ ಕೂರುತ್ತದೆ, ಬೂದು ಬಣ್ಣದ್ದು ಸಲೀಸಾಗಿ ತಿರುಗುತ್ತದೆ. ಚೌಕಟ್ಟಿಗೆ ಕಪ್ಪು ಮಾತ್ರ. ಒಂದು ಜೋಡಣೆಗೆ ಒಂದೇ ಪಿನ್ ಇದ್ದರೆ ಅದು ಜೋಡಣೆಯಲ್ಲ, ಕೀಲು. ಕನಿಷ್ಠ ಎರಡು ಹಾಕಿ. ಇನ್ನೊಂದು ವಿಷಯ, ಪಿನ್ ಬಿಚ್ಚಿಕೊಳ್ಳುವುದು ಅದರ ಉದ್ದದ ದಿಕ್ಕಿಗೆ ಎಳೆದಾಗ ಮಾತ್ರ, ಅಡ್ಡಕ್ಕೆ ಎಷ್ಟು ಬಡಿದರೂ ಜಗ್ಗಲ್ಲ. ಹಾಗಾಗಿ ಏಟು ಎಲ್ಲಿಂದ ಬರುತ್ತದೆ ಅಂತ ಯೋಚಿಸಿ, ಆ ಏಟಿಗೆ ಪಿನ್ ಅಡ್ಡ ನಿಲ್ಲುವ ಹಾಗೆ ಕಟ್ಟಿ. ಮುಂದಿನಿಂದ ಬರುವ ಏಟಿಗೆ ಪಿನ್ ಪಕ್ಕದಿಂದ ಚುಚ್ಚಿರಬೇಕು. ಮಾಮೂಲಿ ಇಟ್ಟಿಗೆ ಬಳಸಿದ್ದರೆ ಅದು ಮೇಲಕ್ಕೆ ಎತ್ತಿದಾಗ ಕಳಚುತ್ತದೆ, ಅದನ್ನು ಮೇಲಿನಿಂದ ಕೆಳಗಿನವರೆಗೆ ಒಂದು ನಿಂತ ಬೀಮ್‌ನಿಂದ ಹೊಲಿಯಬೇಕು.

ಚಕ್ರದ ಆಕ್ಸಲನ್ನು ಎರಡು ಬೀಮ್ ಹಿಡಿದಿರಲಿ, ಚಕ್ರದ ಒಳಗಡೆ ಒಂದು, ಹೊರಗಡೆ ಒಂದು. ಹೊರಗಿನ ಬೀಮ್ ಗುರಾಣಿಯೂ ಆಗುತ್ತದೆ. ನನ್ನ ರಾಕ್ಷಸನಿಗೆ ಇದೊಂದು ಇದ್ದಿದ್ದರೆ ಅವತ್ತು ಮಾನ ಉಳಿಯುತ್ತಿತ್ತು.

ಕಟ್ಟಿದ ಮೇಲೆ ಪರೀಕ್ಷೆ: ಯಾವುದಾದರೂ ಒಂದು ಮೂಲೆ ಹಿಡಿದು ಇಡೀ ರೋಬಾಟ್ ಎತ್ತಿ, ಕೊಬ್ಬರಿ ಅಲುಗಿಸಿ ನೋಡಿದ ಹಾಗೆ ಕಿವಿ ಹತ್ತಿರ ಅಲುಗಿಸಿ. ಟಿಕ್ ಅಂತ ಶಬ್ದ ಬಂದರೆ ಎಲ್ಲೋ ಬಾಯಿ ಬಿಟ್ಟಿದೆ.

ಬ್ಯಾಟರಿ, ವೈರ್, ಕಣ್ಣು

ಬ್ಯಾಟರಿ ಪೆಟ್ಟಿಗೆ ತುಂಬಾ ಭಾರ. ಆದಷ್ಟು ತಗ್ಗಿನಲ್ಲಿ, ಚಕ್ರಗಳ ಮಧ್ಯೆ ಬರಲಿ. ಸ್ವಿಚ್ ಕೈಗೆ ಸಿಗಬೇಕು, ಸೆಲ್ ಬದಲಾಯಿಸೋಕೆ ಅರ್ಧ ರೋಬಾಟ್ ಬಿಚ್ಚುವ ಹಾಗೆ ಇರಬಾರದು. ವೈರ್‌ಗಳನ್ನು ಮಡಚಿ ಒಳಗೆ ತುರುಕಿ, ಹೊರಗೆ ನೇತಾಡಿದರೆ ಎದುರಾಳಿಗೆ ಮೂಗುದಾರ ಕೊಟ್ಟ ಹಾಗೆ.

ರಿಸೀವರಿನ ಕಪ್ಪು ಗುಮ್ಮಟ ಮೇಲಕ್ಕೆ ನೋಡುತ್ತಿರಲಿ, ಅದೇ ಅದರ ಕಣ್ಣು. ರಕ್ಷಣೆ ಅಂತ ಮುಚ್ಚಿದರೆ ಕುರುಡಾಗುತ್ತದೆ. ಬಿಸಿಲು ಬೀಳುವ ಕಡೆ ಆಡಬೇಡಿ, ಸೂರ್ಯನ ಬೆಳಕಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ರಿಮೋಟಿನ ಮಾತು ಕೇಳಿಸಲ್ಲ. ನಮ್ಮ ಪಂದ್ಯಗಳು ಸಂಜೆ ಮೇಲೇ.

ರಿಸೀವರ್ ಮೇಲೂ ರಿಮೋಟ್ ಮೇಲೂ 1ರಿಂದ 4ರವರೆಗೆ ಚಾನೆಲ್ ಇರುತ್ತದೆ. ಎರಡೂ ರೋಬಾಟ್ ಬೇರೆ ಬೇರೆ ಚಾನೆಲ್‌ನಲ್ಲಿ ಇವೆಯಾ ನೋಡಿ, ಇಲ್ಲದಿದ್ದರೆ ನಿಮ್ಮ ರಿಮೋಟಿಗೆ ಅವರ ರೋಬಾಟೂ ಕುಣಿಯುತ್ತದೆ. ಮೋಟರ್‌ಗಳು ಒಂದಕ್ಕೊಂದು ಎದುರು ದಿಕ್ಕಿಗೆ ಮುಖ ಮಾಡಿರುವುದರಿಂದ ಎರಡೂ ಕಡ್ಡಿ ಮುಂದೆ ತಳ್ಳಿದರೆ ರೋಬಾಟ್ ನಿಂತಲ್ಲೇ ಬುಗುರಿ ಆಗುತ್ತದೆ. ಹೆದರಬೇಡಿ. ರಿಮೋಟಿನಲ್ಲಿ ಕಡ್ಡಿಗಳ ಕೆಳಗೆ ದಿಕ್ಕು ಬದಲಿಸುವ ಪುಟ್ಟ ಸ್ವಿಚ್ ಇದೆ, ಒಂದು ಕಡೆಯದನ್ನು ತಿರುಗಿಸಿ.

ಮೂತಿ

ಇದು ನಿಜವಾದ ಆಯುಧ. ಎದುರಾಳಿಯ ಕೆಳಗೆ ತೂರಿ ಅವನನ್ನು ಒಂಚೂರು ಎತ್ತಿದರೆ ಸಾಕು, ಅವನ ತೂಕದ ಒಂದು ಪಾಲು ನಿಮ್ಮ ಚಕ್ರಗಳ ಮೇಲೆ ಬಂದು ಕೂರುತ್ತದೆ. ನಿಮ್ಮ ಹಿಡಿತ ಜಾಸ್ತಿ ಆಯಿತು, ಅವನದು ಅಷ್ಟೇ ಕಡಿಮೆ ಆಯಿತು. ಎರಡೂ 1 ಕೆ.ಜಿ. ರೋಬಾಟ್ ಆಗಿದ್ದರೂ ಒಮ್ಮೆ ಮೂತಿ ಒಳಗೆ ಹೋದ ಮೇಲೆ ಪಂದ್ಯ ಸರಿಸಮ ಅಲ್ಲ.

ಹಾಗಾಗಿ ಯಾರ ಮೂತಿ ತಗ್ಗೋ ಅವರದೇ ಆಟ. ಮೂತಿಯನ್ನು ಚೌಕಟ್ಟಿಗೆ ಗಟ್ಟಿಯಾಗಿ ಬಿಗಿದರೆ ನೆಲಕ್ಕೂ ಅದಕ್ಕೂ ನಡುವೆ ಸದಾ ಒಂದು ಸಂದಿ ಉಳಿಯುತ್ತದೆ, ಯಾಕೆಂದರೆ ನೆಲವೂ ಸಮ ಇರಲ್ಲ, ಟೈರೂ ಸವೆಯುತ್ತದೆ. ಅದರ ಬದಲು ಮೂತಿಯನ್ನು ನೇತುಹಾಕಿ. ರೋಬಾಟಿನ ಮುಂದೆ ಒಂದು ಅಡ್ಡ ಆಕ್ಸಲ್, ಅದರ ಮೇಲೆ ಸಡಿಲವಾಗಿ ತಿರುಗುವ ನಾಲ್ಕೈದು ಬೀಮ್, ಅವುಗಳ ಮೇಲೆ ನಯವಾದ ಪ್ಯಾನೆಲ್, ತುದಿಗೆ ತೆಳು ಪ್ಲೇಟ್. ಪ್ಲೇಟ್ ದಪ್ಪ 3.2 ಮಿ.ಮೀ. ಮೂತಿ ತನ್ನ ಭಾರಕ್ಕೆ ತಾನೇ ನೆಲಕ್ಕೆ ಒರಗಿ ಜಾರುತ್ತಾ ಬರುತ್ತದೆ. ತುದಿಯ ಕೆಳಗೆ ಎಟಿಎಂ ಕಾರ್ಡ್ ತೂರಿಸಿ ನೋಡಿ, ತೂರಿದರೆ ಇನ್ನೂ ಕೆಲಸ ಬಾಕಿ ಇದೆ ಅಂತ ಅರ್ಥ. ಮೂತಿ ಮೇಲಕ್ಕೆ ಪೂರ್ತಿ ಮಡಚದ ಹಾಗೆ ಹಿಂದೆ ಒಂದು ತಡೆ ಕೊಡುವುದು ಮರೆಯಬೇಡಿ. ಅಗಲ ಎರಡೂ ಚಕ್ರ ಮುಚ್ಚುವಷ್ಟು ಇರಲಿ.

ಇಷ್ಟಕ್ಕೇ ನಿಲ್ಲಿಸಿದರೂ ನಿಮ್ಮ ಹತ್ತಿರ ಗೆಲ್ಲುವ ಟಗರು ಇದೆ.

ಎತ್ತುವ ಕೈ, ಬೇಕಿದ್ದರೆ

ಎದುರಾಳಿಯನ್ನು ಚಿತ್ ಮಾಡುವ ಆಸೆ ಇದ್ದರೆ ಮೂತಿಗೆ ಒಂದು ಚಿಕ್ಕ ಎಂ ಮೋಟರ್ ಕೊಡಿ. ಮೋಟರಿನಿಂದ ವರ್ಮ್ ಗಿಯರ್, ಅಂದರೆ ಸ್ಕ್ರೂ ತರಹದ್ದು, ಅದರಿಂದ 24 ಹಲ್ಲಿನ ಗಿಯರ್, ಆ ಗಿಯರಿನ ಆಕ್ಸಲಿಗೆ ಕೈ. ಮೋಟರ್ 24 ಸುತ್ತು ತಿರುಗಿದರೆ ಕೈ ಒಂದು ಸುತ್ತು. ಎಂ ಮೋಟರ್ ನಿಮಿಷಕ್ಕೆ ಸುಮಾರು 400 ಸುತ್ತು, ಹಾಗಾಗಿ ಮಲಗಿದ ಕೈ ನೆಟ್ಟಗಾಗೋಕೆ ಒಂದು ಸೆಕೆಂಡ್ ಹಿಡಿಯುತ್ತದೆ. ಹೊರೆ ಇದ್ದರೆ ಇನ್ನೂ ನಿಧಾನ. ವರ್ಮ್‌ನ ಒಳ್ಳೆಯ ಗುಣ ಏನೆಂದರೆ ಅದನ್ನು ಹಿಂದಿನಿಂದ ತಿರುಗಿಸೋಕೆ ಆಗಲ್ಲ. ನೀವು ಬೆರಳು ತೆಗೆದರೂ ಎತ್ತಿದ ಎದುರಾಳಿ ಕೆಳಗೆ ಇಳಿಯಲ್ಲ, ಅವನನ್ನು ಹೊತ್ತುಕೊಂಡೇ ಗೆರೆವರೆಗೆ ಹೋಗಬಹುದು. ವರ್ಮ್ ಆಕ್ಸಲ್ ಮೇಲೆ ಜಾರುತ್ತದೆ, ಎರಡೂ ಕಡೆ ಬುಶ್, ಅಂದರೆ ಆಕ್ಸಲಿಗೆ ಬಿಗಿ ಕೂರುವ ಪುಟ್ಟ ಬಳೆ, ಹಾಕಿ ಬಂಧಿಸಿ.

ನಾನು ಇಲ್ಲಿ ಒಂದು ಜಾಣತನ ಮಾಡೋಕೆ ಹೋಗಿ ಕೆಟ್ಟೆ. 24 ಹಲ್ಲಿನ ಬಿಳಿ ಕ್ಲಚ್ ಗಿಯರ್ ಅಂತ ಒಂದಿದೆ, ಬಲ ಜಾಸ್ತಿಯಾದರೆ ಮುರಿಯದೆ ಒಳಗೇ ಜಾರುತ್ತದೆ. ಒಳ್ಳೆಯದಾಯಿತು ಅಂತ ಕೈ ಇರುವ ಆಕ್ಸಲಿಗೇ ಅದನ್ನು ಹಾಕಿದೆ. ಅದರ ಮೇಲೇ ಬರೆದಿರುತ್ತದೆ, 2.5ರಿಂದ 5 ನ್ಯೂಟನ್-ಸೆಂ.ಮೀ. ನನ್ನ ಕೈ 8 ಸೆಂ.ಮೀ. ಉದ್ದ. ಐದನ್ನು ಎಂಟರಿಂದ ಭಾಗಿಸಿದರೆ ಅದು ಎತ್ತುವುದು ಅರವತ್ತು ಗ್ರಾಂ ಚಿಲ್ಲರೆ. ಒಂದು ಸಣ್ಣ ಟೊಮೇಟೊ. ಕ್ಲಚ್ ಗಿಯರ್ ಹಾಕಲೇಬೇಕು ಅಂದರೆ ಮೋಟರಿಗೂ ವರ್ಮ್‌ಗೂ ನಡುವೆ ಹಾಕಿ, ವೇಗ ಜಾಸ್ತಿ ಇದ್ದು ಬಲ ಕಡಿಮೆ ಇರುವ ಕಡೆ.

ಒಂದು ರಿಸೀವರಿಗೆ ಎರಡೇ ಕಿಂಡಿ. ಮೂರನೇ ಮೋಟರ್ ಅಂದರೆ ಇನ್ನೊಂದು ರಿಸೀವರ್, ಇನ್ನೊಂದು ಚಾನೆಲ್, ಇನ್ನೊಂದು ರಿಮೋಟ್. ಎರಡೂ ಕಡೆ ಹೀಗೆ ಮಾಡಿದರೆ ನಾಲ್ಕೂ ಚಾನೆಲ್ ಬಳಕೆಯಾಗಿ ಮುಗಿದವು. ನಾವು ಕೈ ಆಡಿಸೋಕೆ ಬೇರೆಯವರನ್ನು ಕೂರಿಸುತ್ತೇವೆ. ಆಗ ಅಕ್ಕ-ತಮ್ಮ ಇಬ್ಬರಿಗೂ ಕೆಲಸ ಸಿಗುತ್ತದೆ.

ಗಿರ್ರನೆ ತಿರುಗುವ ಆಯುಧ ಬೇಡ ಅಂತಲೇ ಹೇಳುತ್ತೇನೆ. ವೇಗ ಏರಿಸಿದರೆ ಪ್ಲಾಸ್ಟಿಕ್ ಆಕ್ಸಲ್ ಬಿಸಿಯಾಗಿ ಸವೆಯುತ್ತದೆ, ಪಿನ್ ಕಿತ್ತರೆ ನೇರ ಮುಖಕ್ಕೆ ಬರುತ್ತದೆ. ಮಕ್ಕಳು ಅಖಾಡದ ಮೇಲೆ ಬಗ್ಗಿಕೊಂಡೇ ಆಡುತ್ತಾರೆ, ಗೊತ್ತಲ್ಲ. ಮಾಡಲೇಬೇಕು ಅಂದರೆ ಎಲ್ಲರಿಗೂ ಕಣ್ಣಿಗೆ ಸೇಫ್ಟಿ ಕನ್ನಡಕ, ಸುತ್ತ ರಟ್ಟಿನ ಗೋಡೆ, ಮೋಟರಿಗೆ ನೇರ ಸಿಕ್ಕಿಸಿದ ಆಯುಧ ಮಾತ್ರ.

ಓಡಿಸುವುದು

ಪಂದ್ಯಕ್ಕೆ ಮುಂಚೆ ಟೈರ್ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಎರಡು ಪಂದ್ಯದ ನಂತರ ಮತ್ತೆ ಒರೆಸಿ, ಬಟ್ಟೆಗೆ ಹತ್ತಿದ ಮಣ್ಣು ನೋಡಿದರೆ ಯಾಕೆ ಜಾರುತ್ತಿತ್ತು ಅಂತ ತಿಳಿಯುತ್ತದೆ.

ಮುಖಾಮುಖಿ ಡಿಕ್ಕಿ ಹೊಡೆಯಬೇಡಿ. ಮೂತಿಗೆ ಮೂತಿ ಕೊಟ್ಟು ಇಬ್ಬರೂ ಒತ್ತುತ್ತಾ ನಿಂತರೆ ಚಕ್ರ ನಿಂತಲ್ಲೇ ಜಾರುತ್ತಾ ಮೋಟರ್ ಕರೆಂಟ್ ಕುಡಿಯುತ್ತದೆ, ಸ್ವಲ್ಪ ಹೊತ್ತಿಗೆ ಒಳಗಿನ ರಕ್ಷಣಾ ವ್ಯವಸ್ಥೆ ಕರೆಂಟ್ ಕಡಿದು ರೋಬಾಟ್ ಸತ್ತ ಹಾಗೆ ಬೀಳಬಹುದು. ಕೆಟ್ಟಿಲ್ಲ, ಬಿಟ್ಟರೆ ತಾನಾಗಿ ಏಳುತ್ತದೆ, ಅಷ್ಟರಲ್ಲಿ ನೀವು ಗೆರೆ ಆಚೆ ಇರುತ್ತೀರಿ. ಹಿಂದಕ್ಕೆ ಸರಿದು, ಅವನು ಮುಂದೆ ನುಗ್ಗಿದಾಗ ಒಂದೇ ಕಡ್ಡಿ ಒತ್ತಿ ಪಕ್ಕಕ್ಕೆ ಹೊರಳಿ, ಚಕ್ರ ಇರುವ ಬದಿಗೆ ಮೂತಿ ಹಾಕಿ. ಅಲ್ಲಿ ಯಾರೂ ತಡೆ ಕಟ್ಟಿರಲ್ಲ. ಈ ಹೊರಳುವಿಕೆ ಬರೋಕೆ ಎರಡು ಸಂಜೆ ಬೇಕು. ನೆಲದ ಮೇಲೆ ನಾಲ್ಕು ಲೋಟ ಇಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ ಓಡಿಸಿ ರೂಢಿ ಮಾಡಿಕೊಳ್ಳಿ.

ಸೋತಾಗ ಕೂಡಲೇ ರಿಪೇರಿಗೆ ಇಳಿಯಬೇಡಿ. ಮೊದಲು ನೆಲದ ಮೇಲೆ ಯಾವ ತುಂಡು ಎಲ್ಲಿ ಬಿದ್ದಿದೆ ಅಂತ ಒಂದು ಫೋಟೊ ತೆಗೆದುಕೊಳ್ಳಿ. ಮೊದಲು ಕಳಚಿದ ಪಿನ್ ಯಾವುದು ಅಂತ ಗೊತ್ತಾದರೆ ಮುಂದಿನ ಸಲ ಎಲ್ಲಿ ಬಿಗಿಯಬೇಕು ಅಂತ ಗೊತ್ತಾಗುತ್ತದೆ. ಮತ್ತೆ ಬಿಚ್ಚುವಾಗ ಕೆಳಗೆ ಒಂದು ಹಳೇ ಪಂಚೆ ಹಾಸಿಕೊಂಡು ಕೂರಿ, ಪಿನ್‌ಗಳೆಲ್ಲ ಅದರ ಮೇಲೇ ಬೀಳಲಿ. ಮುಗಿದ ಮೇಲೆ ನಾಲ್ಕೂ ತುದಿ ಹಿಡಿದು ಎತ್ತಿ ಡಬ್ಬಿಗೆ ಸುರಿದರಾಯಿತು, ಬೆಳಿಗ್ಗೆ ಯಾರ ಕಾಲಿಗೂ ಚುಚ್ಚಲ್ಲ.